ತಾಲೀಮಿಗೂ ಸಣ್ಣ ವೇದಿಕೆಗೂ ಒಂದೇ ಬೇಸ್ ಆಂಪ್: ಹುಡುಕಾಟದ ಅನುಭವ

ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ತಗ್ಗಿನ ಸ್ವರ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದನ್ನು ಪೂರ್ತಿಯಾಗಿ ಹೊರಡಿಸಲು ದೊಡ್ಡ ಪೆಟ್ಟಿಗೆ ಬೇಕು. ನಮ್ಮ ತಾಲೀಮು ನಡೆಯುವುದು ಮೈಸೂರಿನ ಕುವೆಂಪುನಗರದ ಮನೆಯೊಂದರ ತಾರಸಿ ಕೋಣೆಯಲ್ಲಿ. ಅಲ್ಲಿಗೆ ಹೋಗುವ ಮೆಟ್ಟಿಲುಗಳು ಕಡಿದು, ತಿರುವು ಇಕ್ಕಟ್ಟು. ಇಷ್ಟು ವರ್ಷ ಗೆಳೆಯರೊಬ್ಬರ ಹಳೆಯ ಕಾಂಬೋ ಆಂಪ್ (ಆಂಪ್ಲಿಫೈಯರ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು) ಆ ಕೋಣೆಯಲ್ಲೇ ಇರುತ್ತಿತ್ತು. 15 ಇಂಚಿನ ಸ್ಪೀಕರ್, ಮೂವತ್ತು ಕಿಲೋಗೆ ಕಡಿಮೆಯಿಲ್ಲದ ತೂಕ. ಕಾರ್ಯಕ್ರಮವಿದ್ದ ದಿನ ಅದನ್ನು ಇಳಿಸಿ, ಗೂಡ್ಸ್ ಆಟೊ ಹತ್ತಿಸಿ, ರಾತ್ರಿ ಮತ್ತೆ ಮೇಲಕ್ಕೇರಿಸುವುದು ಹಾಡಿಗಿಂತ ದೊಡ್ಡ ಕೆಲಸವಾಗುತ್ತಿತ್ತು. ಗೆಳೆಯರಿಗೆ ಹುಬ್ಬಳ್ಳಿಗೆ ವರ್ಗವಾಯಿತು, ಆಂಪ್ ಅವರ ಜೊತೆ ಹೋಯಿತು. ನನ್ನದೇ ಒಂದನ್ನು ಕೊಳ್ಳುವ ಕಾಲ ಹೀಗೆ ಬಂತು.

ನಮ್ಮದು ಡ್ರಮ್ ಸೆಟ್ ಇಲ್ಲದ ತಂಡ. ಹಾಡುವವರು ಇಬ್ಬರು, ಅವರಲ್ಲೊಬ್ಬರು ಅಕೌಸ್ಟಿಕ್ ಗಿಟಾರ್ ಕೂಡ ನುಡಿಸುತ್ತಾರೆ. ತಬಲಾ ಮೇಷ್ಟ್ರು ಇದ್ದಾರೆ, ಪಿಟೀಲು ಇದೆ, ಬೇಸ್ ನನ್ನದು. ಭಾವಗೀತೆ, ತತ್ವಪದ, ದಾಸರ ಪದಗಳನ್ನು ಹಾಡುತ್ತೇವೆ. ಅಪಾರ್ಟ್‌ಮೆಂಟಿನ ರಾಜ್ಯೋತ್ಸವ, ಗಣೇಶೋತ್ಸವದ ಪೆಂಡಾಲು, ಆರತಕ್ಷತೆ, ಪುಸ್ತಕ ಬಿಡುಗಡೆ, ಆಗೊಮ್ಮೆ ಈಗೊಮ್ಮೆ ಕೆಫೆ: ನಮ್ಮ ವೇದಿಕೆಗಳು ಇಂಥವು. ಐವತ್ತು ಜನರಿಂದ ಮುನ್ನೂರು ಜನರವರೆಗೆ ಕೇಳುಗರು.

ಇಂಥ ತಂಡಕ್ಕೆ ಆಂಪ್ ಯಾರಿಗಾಗಿ ಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಮೈಕ್ ಸೆಟ್ ಇರುವ ಕಡೆ ಪ್ರೇಕ್ಷಕರಿಗೆ ಬೇಸ್ ಮುಟ್ಟಿಸುವುದು ಮೈಕ್ ಸೆಟ್‌ನವರ ಕೆಲಸ. ನನ್ನ ಆಂಪ್ ಇರುವುದು ವೇದಿಕೆಯ ಮೇಲೆ ನನ್ನ ಸುತ್ತ ಕುಳಿತ ನಾಲ್ವರಿಗಾಗಿ. ಹಾಡುವವರು ಶ್ರುತಿ ಹಿಡಿಯಬೇಕು, ತಬಲಾದವರು ನನ್ನ ನಡೆ ಎಲ್ಲಿ ಬೀಳುತ್ತಿದೆ ಎಂದು ಕೇಳಿಸಿಕೊಳ್ಳಬೇಕು. ಹಳೆಯ ಆಂಪ್ ಇದ್ದಾಗ ಮೇಷ್ಟ್ರು ಒಮ್ಮೆ ಹೇಳಿದ್ದರು: "ನಿಮ್ಮ ಪೆಟ್ಟಿಗೆ ನೆಲ ನಡುಗಿಸುತ್ತದೆ, ಆದರೆ ನೀವು ಯಾವ ಸ್ವರ ಹಿಡಿದಿದ್ದೀರಿ ಎಂದು ನನಗೆ ತಿಳಿಯುವುದಿಲ್ಲ." ಹುಡುಕಾಟದುದ್ದಕ್ಕೂ ನಾನು ಈ ಮಾತನ್ನೇ ಅಳತೆಗೋಲಾಗಿ ಇಟ್ಟುಕೊಂಡೆ. ಆಂಪಿನಿಂದ ಬಂದ ಸ್ವರ ಯಾವುದೆಂದು ಮೇಷ್ಟ್ರಿಗೆ ತಿಳಿಯಬೇಕು. ಅದನ್ನು ನಾನೊಬ್ಬನೇ ಹೊತ್ತು ಮೆಟ್ಟಿಲು ಹತ್ತುವಂತಿರಬೇಕು. ಮೈಕ್ ಸೆಟ್‌ಗೆ ನೇರ ಲೈನ್ ಕೊಡುವಂತಿರಬೇಕು. ಬೆಲೆ 50,000 ರೂಪಾಯಿ ದಾಟಬಾರದು.

ಕೊಳ್ಳುವ ಮೊದಲು ಕೋಣೆಯನ್ನೇ ಅಳೆದೆ. ಉದ್ದ 15 ಅಡಿ, ಅಗಲ 12 ಅಡಿ, ಮೇಲೆ ಕಾಂಕ್ರೀಟ್ ಛಾವಣಿ, ಕೆಳಗೆ ಟೈಲ್ಸ್. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಚಲಿಸುತ್ತದೆ. ಹಾಗಾಗಿ ಬೇಸಿನ ಬಿಟ್ಟ (ಬೆರಳಿಡದೆ ಮೀಟಿದ) ಇ ತಂತಿಯ, ಅಂದರೆ ಅತಿ ತಗ್ಗಿನ ತಂತಿಯ, ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆ ನಮ್ಮ ಕೋಣೆಯಲ್ಲಿ ಬಿಚ್ಚಿಕೊಳ್ಳಲು ಜಾಗವೇ ಇಲ್ಲ. ಅದಕ್ಕೆ ಬದಲಾಗಿ, ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಕೊಂಡು ಊದಿಕೊಳ್ಳುತ್ತವೆ, ಕೆಲವು ಮಾಯವಾಗುತ್ತವೆ. 15 ಅಡಿಯ ಅಂತರಕ್ಕೆ ಲೆಕ್ಕ ಹಾಕಿದರೆ ಮೊದಲ ಅನುರಣನ 38 ಹರ್ಟ್ಸ್ (ಸೆಕೆಂಡಿಗೆ 38 ಕಂಪನ) ಹತ್ತಿರ, ಎರಡನೆಯದು 75ರ ಹತ್ತಿರ ಬರುತ್ತದೆ. ಬೇಸಿನ ಬಿಟ್ಟ ಡಿ ತಂತಿ 73.4 ಹರ್ಟ್ಸ್. ನಮ್ಮ ಗಾಯಕರ ಶ್ರುತಿ ಎರಡು ಮನೆ, ಅಂದರೆ ಅದೇ ಡಿ. ನಾನು ಷಡ್ಜ ಹಿಡಿದಾಗಲೆಲ್ಲ ಕೋಣೆ ಗುಂಯ್ ಎಂದು ಅದನ್ನು ನುಂಗುತ್ತಿದ್ದುದಕ್ಕೆ ಕಾರಣ ಹೀಗೆ ಕಾಗದದ ಮೇಲೆಯೇ ಸಿಕ್ಕಿತು. ಗಾಯಕಿ ಐದೂವರೆ ಮನೆಯಲ್ಲಿ ಹಾಡುವಾಗ ಇದೇ ಕೋಣೆಯಲ್ಲಿ ಬೇಸ್ ಎಷ್ಟೋ ಚೊಕ್ಕವಾಗಿ ಕೇಳುತ್ತಿತ್ತು.

ಇದನ್ನು ಕಿವಿಯಿಂದಲೂ ಪರೀಕ್ಷಿಸಬಹುದು, ಯಾರಾದರೂ ಮಾಡಬಹುದು. ಇ ತಂತಿಯಿಂದ ಶುರುಮಾಡಿ ಒಂದೊಂದೇ ಪಟ್ಟಿಯನ್ನು (ಫ್ರೆಟ್) ಒಂದೇ ಬಲದಲ್ಲಿ ಮೀಟುತ್ತ ಮೇಲೇರಬೇಕು. ಇನ್ನೊಬ್ಬರು ತಬಲಾದವರು ಕೂರುವ ಜಾಗದಲ್ಲಿ ಕುಳಿತು ಯಾವ ಸ್ವರ ಊದಿತು, ಯಾವುದು ಕುಗ್ಗಿತು ಎಂದು ಬರೆದುಕೊಳ್ಳಬೇಕು. ಆಂಪನ್ನು ಮೂಲೆಯಲ್ಲಿಟ್ಟರೆ ಊದುವ ಸ್ವರಗಳು ಇನ್ನಷ್ಟು ಊದುತ್ತವೆ. ಮೂಲೆಯಿಂದ ಎರಡು ಮೂರು ಅಡಿ ಈಚೆಗೆ ತಂದು ಕುರ್ಚಿಯ ಮೇಲೆ ಏರಿಸಿದರೆ ಅರ್ಧ ರೋಗ ವಾಸಿಯಾಗುತ್ತದೆ. ಹಳೆಯ ಆಂಪ್ ಮೂಲೆಯಲ್ಲೇ ಕೂತಿರುತ್ತಿತ್ತು, ಏಕೆಂದರೆ ಅದನ್ನು ಕುರ್ಚಿಯ ಮೇಲಿಡಲು ಯಾವ ಕುರ್ಚಿಯೂ ಒಪ್ಪುವಂತಿರಲಿಲ್ಲ. ಕಡಿಮೆ ತೂಕದ ಆಂಪಿನ ಲಾಭ ಬೆನ್ನಿಗಷ್ಟೇ ಆಗುವುದಲ್ಲ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಬೇಕಾದಲ್ಲಿ, ಬೇಕಾದ ಎತ್ತರದಲ್ಲಿ ಇಡಬಲ್ಲ ಆಂಪ್ ಕಿವಿಗೂ ಒಳ್ಳೆಯದು.

ಇನ್ನು ವ್ಯಾಟ್. ಅಂಗಡಿಯಲ್ಲಿ ಎಲ್ಲರೂ ಮೊದಲು ಹೇಳುವ ಸಂಖ್ಯೆ ಇದು. ನಮ್ಮ ಕಿವಿ ತಗ್ಗಿನ ಸ್ವರಗಳಿಗೆ ಮಂದ. ಈ ಸಂಗತಿಯನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದರು. ಮಾತಿನ ಮಟ್ಟದ ಸದ್ದಿನಲ್ಲಿ, ಒಂದು ಸಾವಿರ ಹರ್ಟ್ಸ್‌ನ ಸ್ವರದಷ್ಟೇ ಜೋರಾಗಿ 40 ಹರ್ಟ್ಸ್‌ನ ಸ್ವರ ಕೇಳಬೇಕಾದರೆ ಅದಕ್ಕೆ ಸುಮಾರು 30 ಡೆಸಿಬೆಲ್ ಹೆಚ್ಚು ಬೇಕು. ಶಕ್ತಿಯ ಲೆಕ್ಕದಲ್ಲಿ ಅದು ಸಾವಿರ ಪಟ್ಟು. ಗಿಟಾರಿಗೆ 20 ವ್ಯಾಟ್ ಸಾಕಾಗುವ ಕಡೆ ಬೇಸಿಗೆ ಸಾಲದಿರುವುದು ಇದರಿಂದ. ಆದರೆ ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. 50 ವ್ಯಾಟಿನಿಂದ 100 ವ್ಯಾಟಿಗೆ ಹೋದರೆ ಸಿಗುವುದು ಮೂರೇ ಮೂರು ಡೆಸಿಬೆಲ್. ಎರಡು ಪಟ್ಟು ಜೋರು ಎಂದು ಕಿವಿಗೆ ಅನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ ಒಂದು ಆಂಪಿನ ಮೇಲೆ 80, ಇನ್ನೊಂದರ ಮೇಲೆ 100 ಎಂದು ಬರೆದಿದ್ದರೆ ಆ ವ್ಯತ್ಯಾಸಕ್ಕಾಗಿ ದುಡ್ಡು ಕೊಡುವ ಅಗತ್ಯವಿಲ್ಲ. ಸ್ಪೀಕರಿನ ಸಂವೇದನೆ (ಒಂದು ವ್ಯಾಟಿಗೆ ಅದು ಕೊಡುವ ಸದ್ದು) 93 ಡೆಸಿಬೆಲ್ ಇದೆಯೋ 96 ಇದೆಯೋ ಎಂಬುದು ವ್ಯಾಟನ್ನು ಇಮ್ಮಡಿಗೊಳಿಸಿದಷ್ಟೇ ಮುಖ್ಯ. ದುಃಖದ ಸಂಗತಿಯೆಂದರೆ ಕಾಂಬೋ ಆಂಪುಗಳ ಪೆಟ್ಟಿಗೆಯ ಮೇಲೆ ಆ ಸಂಖ್ಯೆಯನ್ನು ಬಹುತೇಕ ಯಾರೂ ಮುದ್ರಿಸುವುದಿಲ್ಲ.

ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಜೋರು ಸದ್ದು: ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನ್ನೂ ಒಟ್ಟಿಗೆ ಪಡೆಯಲಾಗದು. ಸ್ಪೀಕರ್ ಕಟ್ಟುವವರು ಇದನ್ನು ಹಾಫ್‌ಮನ್‌ನ ಕಬ್ಬಿಣದ ನಿಯಮ ಎಂದು ಕರೆಯುತ್ತಾರೆ. 1957ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ಆರಂಭವಾದ ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ 'ಎಚ್' ಈ ಹಾಫ್‌ಮನ್ ಅವರದೇ. ಈ ನಿಯಮವನ್ನು ಯಾವ ಜಾಹೀರಾತೂ ಮುರಿಯಲಾರದು. ನಾನು ಬಿಟ್ಟುಕೊಟ್ಟದ್ದು ಆಳವನ್ನು. ಅದನ್ನು ಧೈರ್ಯವಾಗಿ ಬಿಡಬಹುದು, ಏಕೆಂದರೆ ನಮ್ಮ ಕಿವಿ ಬಹಳ ಜಾಣ. ಇ ತಂತಿ ಮೀಟಿದಾಗ 41 ಹರ್ಟ್ಸ್ ಜೊತೆಗೆ 82, 123, 165 ಹೀಗೆ ಮೇಲಿನ ಅನುಸ್ವರಗಳೂ ಹೊಮ್ಮುತ್ತವೆ. ಸಣ್ಣ ಸ್ಪೀಕರ್ 41ನ್ನು ಬಹುಮಟ್ಟಿಗೆ ನುಂಗಿ ಉಳಿದವನ್ನಷ್ಟೇ ಕೊಟ್ಟರೂ, ಕಿವಿ ಅವುಗಳ ನಡುವಿನ ಅಂತರದಿಂದ ತಳದ ಸ್ವರ ಯಾವುದೆಂದು ತಾನೇ ಕಟ್ಟಿಕೊಳ್ಳುತ್ತದೆ. ತಬಲಾದ ಎಡದ ಗುಮುಕು ನೂರು ಹರ್ಟ್ಸ್ ಆಸುಪಾಸನ್ನು ತುಂಬಿಕೊಂಡಿರುತ್ತದೆ. ಅದರ ಮೇಲೆಯೇ ನನ್ನ ಬೇಸನ್ನೂ ಹೇರಿದರೆ ಇಬ್ಬರೂ ಕೇಳುವುದಿಲ್ಲ. ಮೇಷ್ಟ್ರಿಗೆ ನನ್ನ ಸ್ವರ ಗುರುತು ಸಿಗುವುದು 200ರಿಂದ 800 ಹರ್ಟ್ಸ್‌ವರೆಗಿನ ನಡುವಿನ ಪಟ್ಟಿಯಲ್ಲಿ. ಆ ಪಟ್ಟಿ ಚೊಕ್ಕವಾಗಿರುವ ಆಂಪನ್ನು ಹುಡುಕಬೇಕಿತ್ತು.

ತೂಕ ಈಗ ಇಷ್ಟು ಇಳಿದಿರುವುದು ಹೇಗೆ ಎಂಬುದೂ ನನಗೆ ಕುತೂಹಲ ಹುಟ್ಟಿಸಿತು. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಬೇಸ್ ಗಿಟಾರ್ ತಂದರು, ಮರುವರ್ಷವೇ ಅದಕ್ಕಾಗಿ ಬೇಸ್‌ಮನ್ ಆಂಪ್ ತಂದರು. 1960ರಲ್ಲಿ ಆಂಪೆಗ್ ಕಂಪನಿ ಪೋರ್ಟಾಫ್ಲೆಕ್ಸ್ ಬಿ-15 ಹೊರತಂದಿತು: 25 ವ್ಯಾಟ್, 15 ಇಂಚಿನ ಒಂದು ಸ್ಪೀಕರ್, ಮೇಲಿನ ಆಂಪನ್ನು ತಿರುಗಿಸಿ ಪೆಟ್ಟಿಗೆಯೊಳಕ್ಕೇ ಮುಚ್ಚಿಡುವ ಜಾಣ್ಮೆಯ ವ್ಯವಸ್ಥೆ. ಸಾಗಿಸುವ ಚಿಂತೆ ಅಂದಿನಿಂದಲೂ ಇದೆ ಎಂದಾಯಿತು. 1969ರಲ್ಲಿ ಅದೇ ಕಂಪನಿ ಎಸ್‌ವಿಟಿ ತಂದಾಗ 300 ವ್ಯಾಟಿನ ವಾಲ್ವ್ ಆಂಪ್, ಅದರ ಕೆಳಗೆ 10 ಇಂಚಿನ ಎಂಟೆಂಟು ಸ್ಪೀಕರ್. ದೊಡ್ಡ ಮೈದಾನಗಳಿಗೆಂದೇ ಹುಟ್ಟಿದ ಯಂತ್ರ ಅದು. ಆ ಕಾಲದ ತೂಕವೆಲ್ಲ ಇದ್ದದ್ದು ಕಬ್ಬಿಣದ ಟ್ರಾನ್ಸ್‌ಫಾರ್ಮರಿನಲ್ಲಿ ಮತ್ತು ಸ್ಪೀಕರಿನ ಫೆರೈಟ್ ಅಯಸ್ಕಾಂತದಲ್ಲಿ. ಈಗಿನ ಕ್ಲಾಸ್ ಡಿ ಆಂಪುಗಳ ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಲಕ್ಷಾಂತರ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತವೆ, ಅರ್ಧಂಬರ್ಧ ತೆರೆದು ಬಿಸಿಯಾಗುತ್ತ ಕೂರುವುದಿಲ್ಲ. ಹಾಗಾಗಿ ಬಿಸಿ ಹೊರಹಾಕುವ ಅಲ್ಯೂಮಿನಿಯಂ ಗಟ್ಟಿಗಳು ಚಿಕ್ಕದಾದವು. ವಿದ್ಯುತ್ ಸರಬರಾಜಿನ ಭಾಗವೂ ಮೊಬೈಲ್ ಚಾರ್ಜರಿನಂತೆ ಎತ್ತರದ ಆವರ್ತನದಲ್ಲಿ ಕೆಲಸ ಮಾಡುವುದರಿಂದ ಟ್ರಾನ್ಸ್‌ಫಾರ್ಮರ್ ಅಂಗೈಯಗಲಕ್ಕೆ ಇಳಿಯಿತು. ನಿಯೋಡಿಮಿಯಂ ಅಯಸ್ಕಾಂತವಿರುವ ಸ್ಪೀಕರಾದರೆ ಇನ್ನೂ ಹಗುರ, ಬೆಲೆ ಮಾತ್ರ ಭಾರ.

ಪಟ್ಟಿ ಮಾಡಿಕೊಂಡು ನೋಡಿದಾಗ ಮೂರು ದಾರಿಗಳು ಕಂಡವು. ಬ್ಯಾಟರಿಯಲ್ಲಿ ನಡೆಯುವ ಪುಟ್ಟವು ಒಂದು. ಅವು ಮನೆಯಲ್ಲಿ ಅಭ್ಯಾಸಕ್ಕೆ ಚೆಂದ, ತಬಲಾದ ಪಕ್ಕದಲ್ಲಿ ಕೇಳುವುದಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು ಬಹಳ ಆಸೆ ಹುಟ್ಟಿಸಿದ ದಾರಿ: ಬೇರೆ ಹೆಡ್ (ಆಂಪ್ಲಿಫೈಯರ್ ಭಾಗ), ಬೇರೆ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ). ಟ್ರೇಸ್ ಎಲಿಯಟ್‌ನ ಎಲ್ಫ್ ಎಂಬ ಹೆಡ್ ಒಂದು ಕಿಲೋ ಕೂಡ ತೂಗುವುದಿಲ್ಲ, 200 ವ್ಯಾಟ್ ಕೊಡುತ್ತದೆ. ಗಿಟಾರ್ ಚೀಲದ ಜೇಬಿನಲ್ಲಿ ಹಿಡಿಸುತ್ತದೆ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಪೂರ್ತಿ ವ್ಯಾಟ್ ಸಿಗುವುದು 4 ಓಮ್ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಕ್ಯಾಬಿನೆಟ್ ಜೋಡಿಸಿದಾಗ. 8 ಓಮ್‌ನ ಒಂದೇ ಕ್ಯಾಬಿನೆಟ್ ಇದ್ದರೆ ಅದಕ್ಕಿಂತ ಕಡಿಮೆ. 8 ಓಮ್‌ನ ಎರಡು ಕ್ಯಾಬಿನೆಟ್ ಸಮಾನಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ. ಇಂದು ಒಂದು ಕ್ಯಾಬಿನೆಟ್ ಕೊಂಡು ಮುಂದೆ ಇನ್ನೊಂದು ಸೇರಿಸುವ ಯೋಚನೆ ಇದ್ದರೆ 8 ಓಮ್‌ನದನ್ನೇ ಕೊಳ್ಳಬೇಕು. ಪರಿಚಯದ ಬೇಸ್ ವಾದಕರೊಬ್ಬರು ತಮ್ಮ ಪುಟ್ಟ ಹೆಡ್ ಮತ್ತು 10 ಇಂಚಿನ ಕ್ಯಾಬಿನೆಟ್ಟನ್ನು ವಾರದ ಮಟ್ಟಿಗೆ ಕೊಟ್ಟರು. ಸದ್ದು ಸೊಗಸಾಗಿತ್ತು. ಆದರೆ ಹೆಡ್, ಕ್ಯಾಬಿನೆಟ್, ನಡುವೆ ಸ್ಪೀಕರ್ ಕೇಬಲ್, ಅದರ ತುದಿಗೆ ಬೇರೆಯೇ ಬಗೆಯ ಪ್ಲಗ್. ನಮ್ಮ ಊರಿನ ಕಾರ್ಯಕ್ರಮಗಳಲ್ಲಿ ಸ್ವಾಗತ ಭಾಷಣ ಮುಗಿಯುತ್ತಿದ್ದಂತೆ ಐದು ನಿಮಿಷದಲ್ಲಿ ಸಜ್ಜಾಗಬೇಕು. ಅಲ್ಲಿ ಒಂದು ತಂತಿ ಕಡಿಮೆಯಾದರೂ ನನಗೆ ನೆಮ್ಮದಿ. ಜೊತೆಗೆ, ಎರಡೂ ಸೇರಿ ನನ್ನ ಬೆಲೆಯ ಮಿತಿ ದಾಟುತ್ತಿದ್ದವು.

ಮೂರನೆಯದು ಕಾಂಬೋ, ಅಂದರೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಇಟಲಿಯ ಮಾರ್ಕ್‌ಬೇಸ್‌ನ ಸಿಎಂಡಿ 121ಪಿ ಬಗ್ಗೆ ವಾದಕರೆಲ್ಲ ಪ್ರೀತಿಯಿಂದ ಮಾತನಾಡುತ್ತಾರೆ. 12 ಇಂಚು, ಒಳಗಿನ ಸ್ಪೀಕರಿಗೆ 300 ವ್ಯಾಟ್, ಹೊರಗೆ ಇನ್ನೊಂದು ಕ್ಯಾಬಿನೆಟ್ ಸೇರಿಸಿದರೆ 500, ತೂಕ ಹದಿಮೂರು ಕಿಲೋ ಆಸುಪಾಸು. ಬೆಲೆ ನನ್ನ ಕೈಗೆ ಎಟಕುವಂಥದ್ದಲ್ಲ. ಆರೆಂಜ್‌ನ ಕ್ರಶ್ ಬೇಸ್ 50ರಲ್ಲಿ ಶ್ರುತಿ ಮಾಡಿಕೊಳ್ಳುವ ಟ್ಯೂನರ್ ಒಳಗೇ ಇದೆ, ಅದು ನನಗೆ ಇಷ್ಟವಾಯಿತು. ಕೊನೆಗೆ ಹತ್ತಿರದಿಂದ ನೋಡಿದ್ದು ಫೆಂಡರ್ ರಂಬಲ್ ಸಾಲನ್ನು: 40 ವ್ಯಾಟಿನದು 10 ಇಂಚಿನ ಸ್ಪೀಕರಿನೊಂದಿಗೆ ಎಂಟು ಕಿಲೋ ಚಿಲ್ಲರೆ, 100 ವ್ಯಾಟಿನದು 12 ಇಂಚಿನೊಂದಿಗೆ ಹತ್ತು ಕಿಲೋ, 500ರದು 10 ಇಂಚಿನ ಎರಡು ಸ್ಪೀಕರಿನೊಂದಿಗೆ ಹದಿನಾರೂವರೆ ಕಿಲೋ. ಎರಡು ಕಿಲೋ ವ್ಯತ್ಯಾಸಕ್ಕೆ 10ರಿಂದ 12 ಇಂಚಿಗೆ ಏರಬಹುದು ಎಂಬುದು ಮೊದಲ ನೋಟಕ್ಕೇ ಎದ್ದು ಕಂಡಿತು.

ಮೈಸೂರಿನ ಅಂಗಡಿಗಳಲ್ಲಿ ಇವೆಲ್ಲ ಒಟ್ಟಿಗೆ ಸಿಗಲಿಲ್ಲ, ಬೆಂಗಳೂರಿಗೆ ಹೋದೆ. ನನ್ನದೇ ಬೇಸ್, ನನ್ನದೇ ಕೇಬಲ್ ಒಯ್ದಿದ್ದೆ. ಅಂಗಡಿಯ ಹೊಳೆಯುವ ವಾದ್ಯವನ್ನು ಹಿಡಿದು ಆಂಪ್ ಪರೀಕ್ಷಿಸಿದರೆ ತಿಳಿಯುವುದು ಆ ವಾದ್ಯದ ಗುಣ. ಪಿಟೀಲು ನುಡಿಸುವ ಗೆಳತಿಯೂ ಜೊತೆಗೆ ಬಂದಿದ್ದಳು. ಅವಳ ಕೆಲಸ ಒಂದೇ: ನನಗೆ ಬೆನ್ನು ಮಾಡಿ ಹತ್ತು ಅಡಿ ದೂರದಲ್ಲಿ ಕುಳಿತು, ನಾನು ನುಡಿಸಿದ ಸ್ವರ ಯಾವುದೆಂದು ಹೇಳುವುದು.

ಮೊದಲು ಎಲ್ಲ ನಾಬ್‌ಗಳನ್ನೂ ನಡುವಿಗೆ ತಂದೆ. ಅಂಗಡಿಯಲ್ಲಿ ಆಂಪುಗಳ ಬೇಸ್ ನಾಬ್ ಯಾವಾಗಲೂ ಬಲಕ್ಕೆ ತಿರುಗಿರುತ್ತದೆ. ಕೇಳಿದ ಕೂಡಲೇ ಎದೆ ತುಂಬುತ್ತದೆ, ಆದರೆ ಇತರ ವಾದ್ಯಗಳ ನಡುವೆ ಆ ಸದ್ದು ಉಳಿಯುವುದಿಲ್ಲ. ಆಮೇಲೆ ಮೆಲ್ಲಗೆ ನುಡಿಸಿದೆ. ತೀರಾ ಮೆಲುದನಿಯಲ್ಲೂ ಸ್ವರ ಕೈಗೆ ಸಿಗುತ್ತದೆಯೇ, ಹಿನ್ನೆಲೆಯಲ್ಲಿ ಸುಯ್ ಎನ್ನುವ ಸದ್ದಿದೆಯೇ, ಒಳಗಿನ ಫ್ಯಾನ್ ಕೇಳುತ್ತದೆಯೇ ಎಂದು ನೋಡಿದೆ. ಭಾವಗೀತೆಯ ಮೊದಲ ಸಾಲು ಗಾಯಕಿಯ ಉಸಿರಿನ ಜೊತೆ ಹೊರಡುವಾಗ ಹಿಂದೆ ಫ್ಯಾನ್ ತಿರುಗುವುದು ಕೇಳಿದರೆ ನನಗೆ ತಡೆಯದು. ನಂತರ ಮಾಸ್ಟರ್ (ಒಟ್ಟು ಸದ್ದಿನ ನಾಬ್) ಏರಿಸಿ ಇ ತಂತಿಯನ್ನು ಗಟ್ಟಿಯಾಗಿ ಮೀಟಿದೆ. ಆಗ ಪೆಟ್ಟಿಗೆಯ ಹಿಡಿಕೆ, ಜಾಲರಿ, ತಿರುಪು ಯಾವುದಾದರೂ ಝರ್ ಎನ್ನುತ್ತದೆಯೇ ಎಂದು ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು ನೋಡಬೇಕು. ಝರಿಗುಟ್ಟುವ ಜಾಗ ಬೆರಳಿಗೆ ತಕ್ಷಣ ತಿಳಿಯುತ್ತದೆ.

8 ಇಂಚಿನ ಒಂದು ಆಂಪಿನಲ್ಲಿ ಮೆಲ್ಲಗೆ ನುಡಿಸುವವರೆಗೂ ಗೆಳತಿ ಸ್ವರಗಳನ್ನು ಸರಿಯಾಗಿ ಹೇಳುತ್ತಿದ್ದಳು, ಜೋರು ಮಾಡಿದಾಗ ಕೆಳಗಿನ ಸ್ವರಗಳೆಲ್ಲ ಒಂದೇ ಆಗಿಬಿಟ್ಟವು. ಕೋನ್, ಅಂದರೆ ಸ್ಪೀಕರಿನ ಅದುರುವ ಶಂಕು, ತನ್ನ ಎಲ್ಲೆ ಮೀರಿ ಹಿಂದೆ ಮುಂದೆ ಹೊಯ್ದಾಡುತ್ತಿತ್ತು. 15 ಇಂಚಿನದರಲ್ಲಿ ಸ್ವರ ದುಂಡಗಿತ್ತು, ಆದರೆ ವೇಗದ ನಡೆಯಲ್ಲಿ ಒಂದು ಸ್ವರದ ಬಾಲ ಇನ್ನೊಂದರ ಮೇಲೆ ಬೀಳುತ್ತಿತ್ತು. ಸ್ಪೀಕರಿನ ಅಳತೆಯೊಂದೇ ಇದಕ್ಕೆ ಕಾರಣ ಎಂದು ನಾನು ಹೇಳಲಾರೆ, ಪೆಟ್ಟಿಗೆಯ ಕಟ್ಟುವಿಕೆಯೂ ಕಾರಣವಿದ್ದೀತು. 10 ಮತ್ತು 12 ಇಂಚಿನವು ಎರಡರಲ್ಲೂ ಅವಳ ಉತ್ತರ ತಪ್ಪಲಿಲ್ಲ. ಎರಡರ ನಡುವಿನ ವ್ಯತ್ಯಾಸ ಅಂಗಡಿಯಲ್ಲಿ ಕೂದಲೆಳೆಯಷ್ಟು. ಅದನ್ನು ತೀರ್ಮಾನಿಸಲು ಮೇಷ್ಟ್ರ ತಬಲಾವೇ ಬೇಕಿತ್ತು.

ಅಂಗಡಿಯಲ್ಲಿಯೇ ಕೊಳ್ಳದೆ, ಎರಡನ್ನೂ ವಾದ್ಯ ಬಾಡಿಗೆಗೆ ಕೊಡುವವರಿಂದ ಒಂದೊಂದಾಗಿ ತರಿಸಿ ತಾರಸಿ ಕೋಣೆಯಲ್ಲಿ ಇಟ್ಟೆವು. ಬಾಡಿಗೆಗೆ ಹೋದ ದುಡ್ಡು ಸಾರ್ಥಕವಾಯಿತು ಎಂದು ಗಟ್ಟಿಯಾಗಿ ಹೇಳುತ್ತೇನೆ. 10 ಇಂಚಿನ 40 ವ್ಯಾಟ್ ಗಿಟಾರ್ ಮತ್ತು ದನಿಯ ಜೊತೆ ಸುಖವಾಗಿತ್ತು. ತಬಲಾ ದ್ರುತಕ್ಕೆ ಏರಿದಾಗ ನಾನು ಮಾಸ್ಟರನ್ನು ಮುಕ್ಕಾಲು ದಾಟಿಸಬೇಕಾಯಿತು, ಸ್ವರದ ಅಂಚು ಒರಟಾಯಿತು. 12 ಇಂಚಿನ 100 ವ್ಯಾಟ್ ಅದೇ ಜಾಗದಲ್ಲಿ ಅರ್ಧಕ್ಕೂ ಹೋಗದೆ ನಿಂತಿತು. ಮೊದಲಿನ ಲೆಕ್ಕದಂತೆ 40ರಿಂದ 100 ವ್ಯಾಟಿಗೆ ನಾಲ್ಕು ಡೆಸಿಬೆಲ್ ಮಾತ್ರ ವ್ಯತ್ಯಾಸ. ದೊಡ್ಡ ಕೋನ್ ಮತ್ತು ಹಿರಿದಾದ ಪೆಟ್ಟಿಗೆ ಸೇರಿ ಉಳಿದ ಕೆಲಸ ಮಾಡಿದವು. ಕುರ್ಚಿಯ ಮೇಲಿಟ್ಟು, ಬೇಸ್ ನಾಬನ್ನು ನಡುವಿನಿಂದ ಸ್ವಲ್ಪ ಎಡಕ್ಕೆ ಇಳಿಸಿ, ಲೋ ಮಿಡ್ (ತಗ್ಗಿಗೂ ನಡುವಿಗೂ ಮಧ್ಯದ ಸ್ವರಗಳ ನಾಬ್) ಎಂಬುದನ್ನು ತುಸು ಏರಿಸಿದೆ. ಎರಡು ಮನೆ ಶ್ರುತಿಯ ಹಾಡನ್ನೇ ಎತ್ತಿಕೊಂಡೆವು. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಮೊದಲು ಮೇಷ್ಟ್ರು ತಬಲಾದಿಂದ ಕೈ ತೆಗೆಯದೆಯೇ, "ಈಗ ನೀವು ಪಂಚಮದಿಂದ ಇಳಿದದ್ದು ಕೇಳಿಸಿತು" ಎಂದರು. ನನಗೆ ಅಷ್ಟೇ ಬೇಕಿತ್ತು. ಆ ವಾರವೇ ರಂಬಲ್ 100 ಕೊಂಡೆ.

ಅದರ ಹಿಂಬದಿಯಲ್ಲಿರುವ ಎಕ್ಸ್‌ಎಲ್‌ಆರ್ ಲೈನ್ ಔಟ್ ಕೂಡ ಆಯ್ಕೆಗೆ ದೊಡ್ಡ ಕಾರಣ. ಮೈಕ್ ಸೆಟ್‌ನ ಮಿಕ್ಸರಿಗೆ ಅಲ್ಲಿಂದ ಮೈಕ್ ಕೇಬಲ್ಲಿನಲ್ಲೇ ಸಂಕೇತ ಹೋಗುತ್ತದೆ. ಸಮತೋಲಿತ ಲೈನ್ ಆದ್ದರಿಂದ ಐವತ್ತು ಅಡಿ ಎಳೆದರೂ ದಾರಿಯ ಗದ್ದಲ ಸೇರಿಕೊಳ್ಳುವುದು ಬಹಳ ಕಡಿಮೆ. ರಾಜ್ಯೋತ್ಸವದ ಕಾರ್ಯಕ್ರಮವೊಂದರಲ್ಲಿ ಮೈಕ್ ಸೆಟ್‌ನವರು ಆಂಪಿನ ಮುಂದೆ ಮೈಕ್ ನಿಲ್ಲಿಸಲು ಹೊರಟಿದ್ದರು. "ಅಣ್ಣ, ಮೈಕ್ ಬೇಡ, ಹಿಂದಿನಿಂದ ಲೈನ್ ತೆಗೆದುಕೊಳ್ಳಿ, ನಾನು ನನ್ನ ಸದ್ದನ್ನು ಕಡಿಮೆ ಇಟ್ಟುಕೊಳ್ಳುತ್ತೇನೆ" ಎಂದೆ. "ಹಾಗಾದರೆ ನಮ್ಮ ಕೆಲಸ ಹಗುರವಾಯಿತು ಬಿಡಿ ಸರ್" ಎಂದು ಅವರು ನಕ್ಕರು. ವೇದಿಕೆಯ ಬೇಸ್ ತಗ್ಗಿದಷ್ಟೂ ಹಾಡುವವರ ಮೈಕಿಗೆ ಅದು ನುಗ್ಗುವುದು ತಗ್ಗುತ್ತದೆ, ಸಭೆಯಲ್ಲಿ ಮಾತು ಸ್ಪಷ್ಟವಾಗುತ್ತದೆ. ಕವಿತೆಯನ್ನು ಹಾಡುವ ತಂಡಕ್ಕೆ ಇದಕ್ಕಿಂತ ಮುಖ್ಯವಾದದ್ದು ಯಾವುದೂ ಇಲ್ಲ. ಸಾಲು ಕೇಳದಿದ್ದರೆ ಮಂದ್ರ ಎಷ್ಟು ತುಂಬಿ ಬಂದರೇನು? ಎಕ್ಸ್‌ಎಲ್‌ಆರ್ ಕೇಬಲ್ ಒಂದನ್ನು ನನ್ನ ಚೀಲದಲ್ಲೇ ಇಟ್ಟುಕೊಂಡಿದ್ದೇನೆ. ಮೈಕ್ ಸೆಟ್‌ನವರ ಬಳಿ ಎಲ್ಲ ಇದ್ದರೂ ಆ ಒಂದು ಕೇಬಲ್ ಹಾಡುವವರಿಗೆ ಹಂಚಿಹೋಗಿರುತ್ತದೆ.

ವಿದ್ಯುತ್ತಿನ ಬಗ್ಗೆ ಒಂದು ಮಾತನ್ನು ಹೇಳದೆ ಬಿಡಲಾರೆ. ಪೆಂಡಾಲುಗಳಲ್ಲಿ ಆಂಪಿನಿಂದ ಗುಂಯ್ ಎಂಬ ಸದ್ದು ಬರುವುದುಂಟು. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಮತ್ತು ಅದರ ಇಮ್ಮಡಿ 100 ಎರಡೂ ಬೇಸ್ ಗಿಟಾರಿನ ಸ್ವರಗಳ ನಡುವೆಯೇ ಬಂದು ಕೂರುವುದರಿಂದ ಆ ಗುಂಯ್ ನಮ್ಮನ್ನು ಬೇರೆಯವರಿಗಿಂತ ಹೆಚ್ಚು ಕಾಡುತ್ತದೆ. ಅದನ್ನು ನಿಲ್ಲಿಸಲು ಕೆಲವರು ಪ್ಲಗ್ಗಿನ ಭೂಸಂಪರ್ಕದ ಪಿನ್ನನ್ನೇ ತಪ್ಪಿಸುತ್ತಾರೆ, ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುತ್ತಾರೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಕೈಯಲ್ಲಿ ಉಕ್ಕಿನ ತಂತಿ, ತುಟಿಯ ಮುಂದೆ ಲೋಹದ ಮೈಕ್. ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಬಂದರೆ ಅದು ಹರಿಯುವುದು ನಮ್ಮ ಮೈಯೊಳಗಿನಿಂದ. ಲೈನ್ ಔಟ್ ಪಕ್ಕದಲ್ಲಿ ಗ್ರೌಂಡ್ ಲಿಫ್ಟ್ ಎಂಬ ಗುಂಡಿ ಇರುವುದೇ ಇದಕ್ಕಾಗಿ. ಅದು ಮಿಕ್ಸರಿಗೆ ಹೋಗುವ ಕೇಬಲ್ಲಿನ ಗ್ರೌಂಡನ್ನಷ್ಟೇ ಬಿಡಿಸುತ್ತದೆ, ಆಂಪಿನ ಭೂಸಂಪರ್ಕ ಹಾಗೆಯೇ ಉಳಿಯುತ್ತದೆ. ಅದನ್ನು ಒತ್ತಿ ನೋಡಿ. ಆಗಲೂ ನಿಲ್ಲದಿದ್ದರೆ ಆಂಪ್ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ವಿದ್ಯುತ್ ಪಡೆಯಿರಿ, ಬಣ್ಣದ ದೀಪಗಳ ಬೋರ್ಡಿನಿಂದ ದೂರವಿರಿ. ವೇದಿಕೆ ಹತ್ತುವ ಮೊದಲು ಸಾಕೆಟ್ಟಿಗೆ ಮೂರನೇ ತಂತಿ ನಿಜಕ್ಕೂ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳುವುದನ್ನು ನಾನು ಬಿಡುವುದಿಲ್ಲ. ಅಂಗಡಿಗಳಲ್ಲಿ ಅಗ್ಗದ ಸಾಕೆಟ್ ಪರೀಕ್ಷಕವೂ ಸಿಗುತ್ತದೆ, ಚುಚ್ಚಿದರೆ ದೀಪದಲ್ಲಿ ತೋರಿಸುತ್ತದೆ.

ಈಗ ಆಂಪ್ ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ನಿಲ್ಲುತ್ತದೆ, ಗಿಟಾರ್ ಬೆನ್ನಿಗೆ. ಮೆಟ್ಟಿಲಿನ ತಿರುವಿನಲ್ಲಿ ಒಂದು ಕೈಯಲ್ಲಿ ಆಂಪ್ ಹಿಡಿದು ಇನ್ನೊಂದರಲ್ಲಿ ಕಂಬಿ ಹಿಡಿಯಬಹುದು. ಹೆಡ್‌ಫೋನ್ ಜಾಕ್ ಇರುವುದರಿಂದ ರಾತ್ರಿ ಹತ್ತರ ಮೇಲೆಯೂ ಅಭ್ಯಾಸಕ್ಕೆ ತೊಂದರೆಯಿಲ್ಲ. ಮೊಬೈಲಿನಿಂದ ತಂಬೂರಿ ಶ್ರುತಿಯನ್ನು ಆಕ್ಸ್ ಜಾಕ್ ಮೂಲಕ ಸೇರಿಸಿಕೊಂಡು ನುಡಿಸುತ್ತೇನೆ. ಕೊರತೆಯೂ ಇದೆ: ಹೊರಗೆ ಇನ್ನೊಂದು ಸ್ಪೀಕರ್ ಜೋಡಿಸುವ ಜಾಕ್ ಇದರಲ್ಲಿ ಇಲ್ಲ. ಇದ್ದದ್ದು ಇಷ್ಟೇ, ಇದರಾಚೆಗೆ ಬೆಳೆಯುವುದಿಲ್ಲ. ಮೈಕ್ ಸೆಟ್ ಇಲ್ಲದ ಬಯಲಿನಲ್ಲಿ ನೂರು ಜನರಿಗೆ ನುಡಿಸಬೇಕಾದರೆ ಇದು ಸಾಲುವುದಿಲ್ಲ. ಗೋಡೆಗಳಿಲ್ಲದಿದ್ದರೆ ಮಂದ್ರ ಗಾಳಿಗೆ ಹೋಗಿಬಿಡುತ್ತದೆ.

ಐದು ತಂತಿಯ ಬೇಸ್ ನುಡಿಸುವವರು ನನ್ನನ್ನು ಕೇಳಿದರೆ ಬೇರೆ ಸಲಹೆ ಕೊಡುತ್ತೇನೆ. ಬಿ ತಂತಿ 31 ಹರ್ಟ್ಸ್‌ವರೆಗೆ ಇಳಿಯುತ್ತದೆ, ಆ ಸ್ವರವನ್ನು ಗಟ್ಟಿಯಾಗಿ ಕೇಳಿದಾಗ ಒಂದೇ 12 ಇಂಚಿನ ಹಗುರ ಪೆಟ್ಟಿಗೆ ತಿಣುಕುತ್ತದೆ. ನಮ್ಮ ತಂಡಕ್ಕೆ ಮುಂದೆ ಡ್ರಮ್ ಸೆಟ್ ಸೇರಿದರೂ ಲೆಕ್ಕ ಬದಲಾಗುತ್ತದೆ. ಕೋಲು ಹಿಡಿದು ನುಡಿಸುವ ಡ್ರಮ್ಮಿನ ಎದುರು 100 ವ್ಯಾಟ್ ತಾಲೀಮಿಗೇ ಇಕ್ಕಟ್ಟು. ಆಗ 10 ಇಂಚಿನ ಎರಡು ಸ್ಪೀಕರಿರುವ 500ರತ್ತ ಹೋಗುತ್ತೇನೆ. ಒಳಗಿನ ಸ್ಪೀಕರುಗಳಿಗೆ ಅದು ಕೊಡುವುದು 350 ವ್ಯಾಟ್, ಹೊರಗಿನ ಕ್ಯಾಬಿನೆಟ್ ಸೇರಿಸಿದರೆ 500. ಹದಿನಾರೂವರೆ ಕಿಲೋವನ್ನು ಆ ಮೆಟ್ಟಿಲಿನಲ್ಲಿ ಹೊರಬಹುದೇ ಎಂಬುದನ್ನು ಮಾತ್ರ ಕೊಳ್ಳುವ ಮೊದಲು ಅಷ್ಟೇ ತೂಕದ ಅಕ್ಕಿ ಚೀಲ ಹೊತ್ತು ನೋಡಬೇಕು.